ಹಡಗು ನಿಂತಷ್ಟು ಹೊತ್ತು: ಕೋಟೊರ್ ಬಂದರು

ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುವ ಕ್ರೂಸ್ ಹಡಗುಗಳ ವೇಳಾಪಟ್ಟಿಯಲ್ಲಿ ಪ್ರತಿ ಊರಿನ ಹೆಸರಿನ ಮುಂದೆ ಎರಡು ಹೊತ್ತು ಅಚ್ಚಾಗಿರುತ್ತದೆ. ಒಂದು ಬಂದು ಸೇರುವ ಹೊತ್ತು, ಇನ್ನೊಂದು ಬಿಟ್ಟು ಹೊರಡುವ ಹೊತ್ತು. ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುವುದು ಸಾಮಾನ್ಯ. ಬಾರ್ಸಿಲೋನಾ, ನೇಪಲ್ಸ್, ಅಥೆನ್ಸ್‌ನಂಥ ಮಹಾನಗರಗಳಿಗೆ ಇಷ್ಟು ಹೊತ್ತು ಯಾವ ಮೂಲೆಗೂ ಸಾಲದು. ಅದೇ ಹಡಗು ಸಣ್ಣ ಊರಿನ ಮುಂದೆ ನಿಂತರೆ ಲೆಕ್ಕ ಉಲ್ಟಾ ಆಗುತ್ತದೆ. ಹೊತ್ತು ಸಾಕಾಗುತ್ತದೆ, ಅಷ್ಟು ಜನಕ್ಕೆ ಊರೇ ಸಾಲುವುದಿಲ್ಲ.

ಅಂಥ ಊರುಗಳಲ್ಲಿ ಒಂದು ಕೋಟೊರ್. ಮೆಡಿಟರೇನಿಯನ್ನಿನ ಉತ್ತರದ ತೋಳಾದ ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ, 2006ರಲ್ಲಿ ಸ್ವತಂತ್ರವಾದ ಮಾಂಟೆನೆಗ್ರೊ ಎಂಬ ಪುಟ್ಟ ದೇಶದಲ್ಲಿದೆ. ಕೋಟೆಗೋಡೆಯ ಒಳಗಿನ ಹಳೆಯ ಊರಿನಲ್ಲಿ ಈಗ ವಾಸವಿರುವವರು ಸಾವಿರಕ್ಕೂ ಕಡಿಮೆ. ಆ ಗೋಡೆಯ ಎದುರಿಗೆ ಬಂದು ನಿಲ್ಲುವ ಒಂದು ದೊಡ್ಡ ಹಡಗಿನಲ್ಲೇ ಎರಡು-ಮೂರು ಸಾವಿರ ಪ್ರಯಾಣಿಕರು ಇರುತ್ತಾರೆ.

ಕೋಟೊರ್ ತೆರೆದ ಸಮುದ್ರದ ಮೇಲಿಲ್ಲ. ಹಡಗು ಬೋಕಾ ಎಂದು ಕರೆಯುವ ಕೊಲ್ಲಿಯೊಳಗೆ ಸುಮಾರು 28 ಕಿಲೋಮೀಟರ್ ನುಗ್ಗಿ ಬರಬೇಕು. ಸುಮಾರು ಒಂದೂವರೆ ಗಂಟೆಯ ದಾರಿ. ಹಿಂದಿನ ರಾತ್ರಿ ಎಷ್ಟು ತಡವಾಗಿ ಮಲಗಿದ್ದರೂ ಇದೊಂದು ಬೆಳಗ್ಗೆ ಜನ ಬೇಗ ಎದ್ದು ಡೆಕ್ಕಿನ ಕಟಕಟೆ ಹಿಡಿದು ನಿಂತಿರುತ್ತಾರೆ. ಕೊಲ್ಲಿಯನ್ನು ಎಷ್ಟೋ ಪ್ರವಾಸಿ ಪುಸ್ತಕಗಳು ಯುರೋಪಿನ ದಕ್ಷಿಣ ತುದಿಯ ಫಿಯೋರ್ಡ್ ಎಂದು ಬಣ್ಣಿಸುತ್ತವೆ. ಭೂವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ನಾರ್ವೆಯ ಫಿಯೋರ್ಡುಗಳನ್ನು ಹಿಮನದಿಗಳು ಕೊರೆದವು. ಇಲ್ಲಿ ಆದದ್ದು ಬೇರೆ. ನದಿ ಕೊರೆದ ಆಳವಾದ ಕಣಿವೆಯೊಳಕ್ಕೆ ಸಮುದ್ರ ಏರಿ ಬಂದು ತುಂಬಿಕೊಂಡಿತು. ಎರಡೂ ಬದಿ ಸುಣ್ಣಕಲ್ಲಿನ ಬೋಳು ಬೆಟ್ಟಗಳು ನೀರಿನಿಂದಲೇ ನೆಟ್ಟಗೆ ಎದ್ದಿವೆ. ಕೋಟೊರಿನ ಬೆನ್ನಿಗಿರುವ ಲೊವ್ಚೆನ್ ಪರ್ವತದ ಎತ್ತರ 1,749 ಮೀಟರ್.

ಕೊಲ್ಲಿಯ ನಡುವೆ ವೆರಿಗೆ ಎಂಬ ಜಲಸಂಧಿ ಇದೆ. ತೀರ ಕಿರಿದಾದ ಕಡೆ ಅಗಲ ಸುಮಾರು 340 ಮೀಟರ್ ಮಾತ್ರ. ಮುನ್ನೂರು ಮೀಟರ್ ಉದ್ದದ ಹಡಗು ಇಲ್ಲಿ ನುಸುಳುವಾಗ ಎಡಕ್ಕೂ ಬಲಕ್ಕೂ ಮನೆಗಳ ಅಂಗಳದಲ್ಲಿ ಒಣಹಾಕಿದ ಬಟ್ಟೆ ಕಾಣುತ್ತದೆ. ಕೊಲ್ಲಿಯ ದಾರಿ ಬಲ್ಲ ಸ್ಥಳೀಯ ಪೈಲಟ್ ಹಡಗು ಹತ್ತಿ ಕಪ್ತಾನನ ಪಕ್ಕದಲ್ಲಿ ನಿಂತಿರುತ್ತಾನೆ. ಈಚೆ ದಡದಿಂದ ಆಚೆ ದಡಕ್ಕೆ ಕಾರು, ಲಾರಿ ಸಾಗಿಸುವ ಫೆರ್ರಿಗಳು ದೊಡ್ಡ ಹಡಗಿಗೆ ದಾರಿ ಬಿಟ್ಟು ಕಾಯುತ್ತವೆ.

ಜಲಸಂಧಿ ದಾಟಿದ ಕೂಡಲೇ ಎದುರಿಗೆ ಪೆರಾಸ್ಟ್. ಒಂದೇ ಬೀದಿಯ ಊರು, ಆದರೆ ಬೀದಿಯುದ್ದಕ್ಕೂ ಕಲ್ಲಿನ ಅರಮನೆಗಳು. ಹಡಗು ಓಡಿಸಿ ಹಣ ಮಾಡಿದ ಕಪ್ತಾನರು ಕಟ್ಟಿಸಿದ್ದು. ರಷ್ಯದ ಪೀಟರ್ ಚಕ್ರವರ್ತಿ ತನ್ನ ದೇಶಕ್ಕೆ ನೌಕಾಬಲ ಬೇಕೆಂದು ಹೊರಟಾಗ, 17ನೆಯ ಶತಮಾನದ ಕೊನೆಯಲ್ಲಿ, ಕೆಲವು ಶ್ರೀಮಂತ ತರುಣರನ್ನು ಹಡಗು ನಡೆಸುವ ವಿದ್ಯೆ ಕಲಿಯಲು ಕಳಿಸಿದ್ದು ಈ ಊರಿಗೆ. ಕಲಿಸಿದವನು ಇಲ್ಲಿಯವನೇ ಆದ ಮಾರ್ಕೊ ಮಾರ್ತಿನೋವಿಚ್.

ಪೆರಾಸ್ಟ್ ಮುಂದೆ ನೀರಿನಲ್ಲಿ ಎರಡು ಪುಟ್ಟ ದ್ವೀಪಗಳಿವೆ. ಸೈಪ್ರೆಸ್ ಮರಗಳು ತುಂಬಿದ ದ್ವೀಪ ಪ್ರಕೃತಿ ಕೊಟ್ಟದ್ದು. ಪಕ್ಕದ, ನೀಲಿ ಗುಮ್ಮಟದ ಚರ್ಚು ಇರುವ ದ್ವೀಪವನ್ನು ಮನುಷ್ಯರು ಮಾಡಿದರು. 1452ರ ಜುಲೈ 22ರಂದು ಇಲ್ಲಿನ ಒಂದು ಬಂಡೆಯ ಮೇಲೆ ನಾವಿಕರಿಗೆ ಮೇರಿಯ ಚಿತ್ರಪಟ ಸಿಕ್ಕಿತೆಂದು ಐತಿಹ್ಯ. ಆಮೇಲೆ ಪ್ರಯಾಣ ಮುಗಿಸಿ ಕ್ಷೇಮವಾಗಿ ಮರಳಿದ ಪ್ರತಿಯೊಬ್ಬನೂ ಆ ಬಂಡೆಯ ಸುತ್ತ ಕಲ್ಲು ಹಾಕುತ್ತ ಬಂದ. ಕಲ್ಲು ತುಂಬಿದ ಹಳೆಯ ಹಡಗುಗಳನ್ನೂ ಅಲ್ಲೇ ಮುಳುಗಿಸಿದರು. ತಲೆಮಾರುಗಳ ಹರಕೆ ಸೇರಿ ಚರ್ಚು ಕಟ್ಟುವಷ್ಟು ನೆಲವಾಯಿತು. ಇವತ್ತಿಗೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಸಾಲಾಗಿ ಹೋಗಿ ಕಲ್ಲು ಹಾಕಿ ಬರುತ್ತಾರೆ. ಇದಕ್ಕೆ ಫಾಶಿನಾಡ ಎಂದು ಹೆಸರು.

ಚರ್ಚಿನ ಒಳಗೆ ಪೆರಾಸ್ಟಿನ ಚಿತ್ರಕಾರ ತ್ರಿಪೊ ಕೊಕೊಲ್ಯ ಬರೆದ 68 ವರ್ಣಚಿತ್ರಗಳಿವೆ. ಗೋಡೆಗೆ ಹೊಡೆದ ಬೆಳ್ಳಿಯ ತಗಡುಗಳ ಮೇಲೆ ಹಡಗುಗಳ ಚಿತ್ರ: ಬಿರುಗಾಳಿಗೆ ಸಿಕ್ಕಿ ವಾಲಿದ್ದು, ಹಾಯಿ ಹರಿದದ್ದು, ಕಡಲ್ಗಳ್ಳರೊಡನೆ ಕಾದಾಡುತ್ತಿರುವುದು. ಬದುಕಿ ಬಂದವರು ಒಪ್ಪಿಸಿದ ಹರಕೆ ಅವು. ಇನ್ನೊಂದು ವಸ್ತುವಿನ ಮುಂದೆ ಜನ ತುಸು ಹೆಚ್ಚು ಹೊತ್ತು ನಿಲ್ಲುತ್ತಾರೆ. ಪೆರಾಸ್ಟಿನ ಯಸಿಂತಾ ಕುನಿಚ್ ಎಂಬ ಹೆಂಗಸು ಕಡಲಿಗೆ ಹೋದ ತನ್ನವನ ದಾರಿ ಕಾಯುತ್ತ 25 ವರ್ಷ ಹಾಕಿದಳೆನ್ನುವ ಕಸೂತಿ ಅದು. ಚಿನ್ನ, ಬೆಳ್ಳಿ, ರೇಷ್ಮೆ ಎಳೆಗಳ ಜೊತೆಗೆ ದೇವದೂತರ ತಲೆಗೂದಲಿಗೆ ತನ್ನದೇ ಕೂದಲನ್ನು ಬಳಸಿದಳಂತೆ. ಮೊದಲು ಹೊಲಿದ ದೂತರ ಕೂದಲು ಕಂದು, ಕೊನೆಗೆ ಹೊಲಿದವರದು ಬಿಳಿ.

ಪೆರಾಸ್ಟ್‌ನಿಂದ ಬಲಕ್ಕೆ ತಿರುಗಿದ ಹಡಗು ಕೊಲ್ಲಿಯ ಕೊನೆಯ ಮೂಲೆಗೆ ಬಂದು ನಿಲ್ಲುತ್ತದೆ. ಧಕ್ಕೆ ಖಾಲಿ ಇದ್ದರೆ ಗೋಡೆಯ ಎದುರಿಗೇ ಕಟ್ಟುತ್ತಾರೆ. ಇನ್ನೊಂದು ಹಡಗು ಮೊದಲೇ ಬಂದಿದ್ದರೆ ನೀರಿನ ನಡುವೆ ಲಂಗರು ಹಾಕಿ, ಟೆಂಡರ್ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ಧಕ್ಕೆಯಿಂದ ಊರಿನ ಬಾಗಿಲಿಗೆ ಐದು ನಿಮಿಷದ ನಡಿಗೆ; ಬಸ್ಸು, ಟ್ಯಾಕ್ಸಿ ಏನೂ ಬೇಡ. ಕ್ರೂಸ್ ಕಂಪನಿಗಳಿಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಲು ಇದೂ ಒಂದು ಕಾರಣ. ರೋಮ್ ನೋಡಬೇಕಾದರೆ ಚಿವಿತಾವೆಕ್ಕಿಯಾ ಬಂದರಿನಲ್ಲಿ ಇಳಿದು ಸುಮಾರು ಒಂದು ಗಂಟೆ ರೈಲಿನಲ್ಲಿ ಹೋಗಬೇಕು. ಇಲ್ಲಿ ಮೆಟ್ಟಿಲಿಳಿದರೆ ಮಧ್ಯಯುಗ.

1555ರಲ್ಲಿ ಕಟ್ಟಿದ ಕಡಲ ಬಾಗಿಲೇ ಊರಿನ ಹೆಬ್ಬಾಗಿಲು. 1420ರಿಂದ 1797ರವರೆಗೆ, ಮುನ್ನೂರ ಎಪ್ಪತ್ತೇಳು ವರ್ಷ, ಕೋಟೊರ್ ವೆನಿಸ್ ಗಣರಾಜ್ಯದ ಕೈಯಲ್ಲಿತ್ತು. ಅದರ ರೆಕ್ಕೆಯ ಸಿಂಹದ ಮುದ್ರೆ ಇನ್ನೂ ಗೋಡೆಯ ಮೇಲಿದೆ. ಬಾಗಿಲಿನ ನೆತ್ತಿಯ ಮೇಲೆ ಇನ್ನೊಂದು ಕಾಲದ ಗುರುತು: 1944ರ ನವೆಂಬರ್ 21 ಎಂಬ ದಿನಾಂಕ. ಎರಡನೆಯ ಮಹಾಯುದ್ಧದಲ್ಲಿ ಊರು ಬಿಡುಗಡೆಯಾದ ದಿನ. ಬೇರೆಯವರದು ನಮಗೆ ಬೇಡ, ನಮ್ಮದನ್ನು ಬಿಟ್ಟುಕೊಡುವುದಿಲ್ಲ ಎಂಬ ಅರ್ಥದ, ಆಗ ಮಾಂಟೆನೆಗ್ರೊ ಸೇರಿದ್ದ ಯುಗೊಸ್ಲಾವಿಯದ ನಾಯಕ ಟಿಟೊ ಕಾಲದ ಘೋಷಣೆಯೂ ಅಲ್ಲೇ ಕೆತ್ತಿದೆ. ದಿನಕ್ಕೆ ಸಾವಿರಾರು ಪರದೇಶಿಗಳು ಅದರ ಕೆಳಗೆ ತಲೆ ಎತ್ತದೆ ಹಾದುಹೋಗುತ್ತಾರೆ.

ಒಳಗೆ ಕಾಲಿಟ್ಟರೆ ಶಸ್ತ್ರಾಗಾರದ ಚೌಕ, ಎದುರಿಗೆ 1602ರ ಗಡಿಯಾರ ಗೋಪುರ. ಗೋಪುರದ ಬುಡದಲ್ಲಿ ಒಂದು ಮೊಂಡು ಕಲ್ಲು: ತಪ್ಪಿತಸ್ಥರನ್ನು ಕಟ್ಟಿ ಜನರೆದುರು ಮಾನ ಕಳೆಯುತ್ತಿದ್ದ ಜಾಗ. ಈಗ ಫೋಟೋ ತೆಗೆಸಿಕೊಳ್ಳುವವರ ಜಾಗ. ಮುಂದೆ ಓಣಿಗಳು ಯಾವ ಯೋಜನೆಗೂ ಸಿಗದಂತೆ ಸುತ್ತಿಕೊಂಡಿವೆ. ಹಿಟ್ಟಿನ ಚೌಕ, ಹಾಲಿನ ಚೌಕ, ಸೊಪ್ಪಿನ ಚೌಕ ಎಂದು ಹಿಂದೆ ಮಾರುತ್ತಿದ್ದ ಸರಕಿನ ಹೆಸರೇ ಚೌಕಗಳಿಗೆ ಉಳಿದಿದೆ. ದಾರಿ ತಪ್ಪಿದೆನೆಂದು ಗಾಬರಿಪಡಬೇಕಿಲ್ಲ. ಊರು ಅಷ್ಟು ಚಿಕ್ಕದು. ಯಾವ ಓಣಿ ಹಿಡಿದರೂ ಕಾಲು ಗಂಟೆಯಲ್ಲಿ ಒಂದಲ್ಲ ಒಂದು ಗೋಡೆಗೆ ಬಂದು ಮುಟ್ಟುತ್ತೀರಿ.

ಸಂತ ಟ್ರಿಫನ್ ಕೆಥೆಡ್ರಲ್ ಊರಿನ ಹೃದಯ. ಪ್ರತಿಷ್ಠೆಯಾದದ್ದು 1166ರಲ್ಲಿ. ಈ ಸಂತ ಊರಿಗೆ ಬಂದ ಕಥೆ ಇವತ್ತಿನ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. 809ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ವೆನಿಸ್ಸಿಗೆ ಹೊರಟಿದ್ದ ವ್ಯಾಪಾರಿಗಳ ಹಡಗೊಂದು ಬಿರುಗಾಳಿಗೆ ಹೆದರಿ ಈ ಕೊಲ್ಲಿಯೊಳಗೆ ಬಂದು ನಿಂತಿತಂತೆ. ಅದರಲ್ಲಿ ಸಂತನ ಅವಶೇಷಗಳಿದ್ದವು. ಊರಿನ ಪ್ರಮುಖರು ಅವನ್ನು ದುಡ್ಡು ಕೊಟ್ಟು ಕೊಂಡುಕೊಂಡರು. ಹೀಗೆ ದಾರಿಯಲ್ಲಿ ನಿಂತ ಹಡಗೊಂದು ಊರಿಗೆ ಕುಲದೇವರನ್ನು ಕೊಟ್ಟಿತು. 1667ರ ಭೂಕಂಪದಲ್ಲಿ ಕೆಥೆಡ್ರಲ್ಲಿನ ಗೋಪುರಗಳು ಬಿದ್ದವು. ಮತ್ತೆ ಕಟ್ಟಲು ಹೊರಟಾಗ ಬಲಗಡೆಯದು ಪೂರ್ತಿಯಾಯಿತು, ಎಡಗಡೆಯದು ಅರ್ಧಕ್ಕೇ ನಿಂತಿತು. ಇಂದಿಗೂ ಹಾಗೇ ಇದೆ.

ನಾಲ್ಕು ಹೆಜ್ಜೆ ಆಚೆ 1195ರ ಸಂತ ಲೂಕನ ಚರ್ಚು. ಹೊರಗಿನಿಂದ ನೋಡಿದರೆ ಏನೂ ಅಲ್ಲ, ಒಂದು ಕಲ್ಲಿನ ಪೆಟ್ಟಿಗೆ. ಒಳಗೆ ಎರಡು ಪೂಜಾವೇದಿಕೆ: ಒಂದು ಕ್ಯಾಥೊಲಿಕರದು, ಇನ್ನೊಂದು ಆರ್ಥೊಡಾಕ್ಸ್ ಪಂಥದವರದು. 17ನೆಯ ಶತಮಾನದ ಮಧ್ಯಭಾಗದಲ್ಲಿ ತುರ್ಕರ ದಾಳಿಯಿಂದ ತಪ್ಪಿಸಿಕೊಂಡು ಬಂದ ಆರ್ಥೊಡಾಕ್ಸ್ ಜನಕ್ಕೆ ಪೂಜೆ ಮಾಡಲು ಜಾಗವಿರಲಿಲ್ಲ. ಇದ್ದ ಚರ್ಚಿನಲ್ಲೇ ಇನ್ನೊಂದು ವೇದಿಕೆ ಹಾಕಿಕೊಟ್ಟರು. ನೂರೈವತ್ತಕ್ಕೂ ಹೆಚ್ಚು ವರ್ಷ ಎರಡೂ ಪಂಥದವರು ಒಂದೇ ಸೂರಿನ ಕೆಳಗೆ ಪ್ರಾರ್ಥನೆ ಮಾಡಿದರು. ನೆಲಕ್ಕೆ ಹಾಸಿರುವುದು ಊರಿನವರ ಗೋರಿಗಲ್ಲುಗಳು.

1979ರ ಏಪ್ರಿಲ್ 15ರ ಬೆಳಗ್ಗೆ ಮಾಂಟೆನೆಗ್ರೊ ಕರಾವಳಿಯನ್ನೆಲ್ಲ ಮತ್ತೊಂದು ಭೂಕಂಪ ಅಲುಗಿಸಿತು. ಕೋಟೊರಿನ ಮನೆಗಳೂ ಅರಮನೆಗಳೂ ಚರ್ಚುಗಳೂ ಬಿರುಕುಬಿಟ್ಟವು. ಜನ ಗೋಡೆಯಾಚೆ ಹೋಗಿ ನೆಲೆಸಬೇಕಾಯಿತು. ಅದೇ ವರ್ಷ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟಿಗೇ ಸೇರಿಸಿತು. ದುರಸ್ತಿಗೆ ವರ್ಷಗಟ್ಟಲೆ ಹಿಡಿಯಿತು. ಎರಡನೆಯ ಪಟ್ಟಿಯಿಂದ ಹೆಸರು ತೆಗೆದದ್ದು 2003ರಲ್ಲಿ.

ಕಾಲಲ್ಲಿ ಕಸುವಿರುವವರು ಗೋಡೆ ಹತ್ತುತ್ತಾರೆ. ಊರನ್ನು ಸುತ್ತಿ, ಹಿಂದಿನ ಬೆಟ್ಟದ ಮೇಲಕ್ಕೆ ಅಂಕುಡೊಂಕಾಗಿ ಏರುವ ಕೋಟೆಗೋಡೆಯ ಒಟ್ಟು ಉದ್ದ ಸುಮಾರು ನಾಲ್ಕೂವರೆ ಕಿಲೋಮೀಟರ್. ತುದಿಯಲ್ಲಿ ಸಂತ ಜಾನ್ ಕೋಟೆ. ಅಲ್ಲಿಗೆ 1,350 ಮೆಟ್ಟಿಲುಗಳೆಂದು ಊರಿನವರ ಲೆಕ್ಕ. ನೆರಳಿಲ್ಲ, ಕಲ್ಲು ಸವೆದು ನುಣುಪಾಗಿದೆ. ಅರ್ಧ ದಾರಿಯಲ್ಲಿ ಪ್ಲೇಗಿನಿಂದ ಬದುಕಿ ಉಳಿದವರು ಕಟ್ಟಿಸಿದ ಮೇರಿಯ ಚರ್ಚು ಸಿಗುತ್ತದೆ. ಹೆಚ್ಚಿನವರು ಉಸ್ಸೆಂದು ಅಲ್ಲೇ ಕುಳಿತು, ಕೆಳಗೆ ಹೆಂಚಿನ ಮಾಡುಗಳ ತ್ರಿಕೋನವನ್ನೂ ಅದರ ಪಕ್ಕದ ಬಿಳಿ ಹಡಗನ್ನೂ ನೋಡಿ ಇಳಿದುಬಿಡುತ್ತಾರೆ. ಎರಡನ್ನೂ ಅಕ್ಕಪಕ್ಕ ನೋಡಿದಾಗಲೇ ಹಡಗಿನ ಗಾತ್ರ ಗೊತ್ತಾಗುವುದು. ಊರಿನ ಅತಿ ಎತ್ತರದ ಕಟ್ಟಡಕ್ಕಿಂತ ಅದು ಎತ್ತರ.

ಈ ಊರಿಗೆ ಹಡಗು ಹೊಸದೇನಲ್ಲ. ಹೊಸದು ಅದು ಬರುವ ದಿಕ್ಕು. ಹಿಂದೆ ಹಡಗುಗಳು ಇಲ್ಲಿಂದ ಹೊರಡುತ್ತಿದ್ದವು. ತುರ್ಕರ ವಿರುದ್ಧದ 1571ರ ಲೆಪಾಂಟೊ ಕಾಳಗಕ್ಕೆ ಕೋಟೊರ್ ತನ್ನ ಸಂತನ ಹೆಸರಿನ ಯುದ್ಧನೌಕೆಯನ್ನು ಕಳಿಸಿತ್ತು. ಕೊಲ್ಲಿಯ ಆಚೆ ದಡದ ಪ್ರ್ಚಾನ್ ಎಂಬ ಹಳ್ಳಿಯ ಕಪ್ತಾನ ಇವೊ ವಿಸಿನ್ 1852ರಲ್ಲಿ 'ಸ್ಪ್ಲೆಂದಿದೊ' ಎಂಬ ಹಾಯಿಹಡಗಿನಲ್ಲಿ ಹೊರಟು, ಭೂಮಿಯನ್ನು ಸುತ್ತಿ 1859ರಲ್ಲಿ ಮರಳಿದ. ಏಳು ವರ್ಷದ ಪ್ರಯಾಣ. ಇಂಥವರ ಭಾವಚಿತ್ರ, ಹಡಗಿನ ಮಾದರಿ, ಕತ್ತಿ, ದಿಕ್ಸೂಚಿಗಳೆಲ್ಲ ಹಳೆಯ ಊರಿನ ಗ್ರ್ಗುರಿನ ಅರಮನೆಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಹೊರಗೆ ಓಣಿಗಳ ಜಂಗುಳಿಗೆ ಹೋಲಿಸಿದರೆ ಒಳಗೆ ಜನ ಕಡಿಮೆ.

20ನೆಯ ಶತಮಾನದಲ್ಲಿ ಯುದ್ಧನೌಕೆಗಳು ಬಂದವು. ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ ಇಲ್ಲಿ ನೌಕಾನೆಲೆ ಮಾಡಿಕೊಂಡಿತ್ತು. 1918ರ ಫೆಬ್ರವರಿಯಲ್ಲಿ ಹಸಿವು, ಯುದ್ಧ ಎರಡರಿಂದಲೂ ಬೇಸತ್ತ ನಾವಿಕರು ಕೆಂಪು ಬಾವುಟ ಹಾರಿಸಿ ದಂಗೆಯೆದ್ದರು. ಮೂರು ದಿನದಲ್ಲಿ ದಂಗೆ ಮುರಿಯಿತು. ನಾಲ್ವರನ್ನು ಗುಂಡಿಟ್ಟು ಕೊಂದರು. ಯುಗೊಸ್ಲಾವಿಯ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಬಚ್ಚಿಡಲು ಬೆಟ್ಟದ ಬುಡ ಕೊರೆದು ಮಾಡಿದ ಸುರಂಗಗಳು ಕೊಲ್ಲಿಯ ಬಾಯಿಯ ಬಳಿ ಇನ್ನೂ ಇವೆ. ಈಗ ಸ್ಪೀಡ್ ಬೋಟಿನವರು ಪ್ರವಾಸಿಗಳನ್ನು ಅದರೊಳಗೆ ಕರೆದೊಯ್ದು ಒಂದು ಸುತ್ತು ಹಾಕಿಸುತ್ತಾರೆ.

ಊರಿನ ರುಚಿ ನೋಡಬೇಕಾದರೆ ಗೋಡೆಯ ಹೊರಗೆ, ಕಡಲ ಬಾಗಿಲಿನ ಪಕ್ಕದಲ್ಲೇ ಇರುವ ಸಂತೆಗೆ ಹೋಗಬೇಕು. ಒಣ ಅಂಜೂರ, ಜೇನು, ಆಲಿವ್ ಎಣ್ಣೆ, ಗುಂಡುಗುಂಡಾದ ಚೀಸ್ ಗಟ್ಟಿಗಳು. ಬೆಟ್ಟದ ಮೇಲಿನ ನ್ಯೆಗುಶಿ ಹಳ್ಳಿಯ ಹೊಗೆ ಹಿಡಿಸಿದ ಹಂದಿಮಾಂಸಕ್ಕೆ ದೇಶದಲ್ಲೆಲ್ಲ ಹೆಸರು. ಹಿಂದೆ ಆ ಹಳ್ಳಿಯವರು ಹೇಸರಗತ್ತೆಯ ಮೇಲೆ ಸರಕು ಹೇರಿಕೊಂಡು ಕಾಲುದಾರಿಯಲ್ಲಿ ಇಳಿದು ಬರುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ರಸ್ತೆ ಬಂತು. ಅದರ 25 ಹೇರ್‌ಪಿನ್ ತಿರುವುಗಳನ್ನು ದಾಟಿಸುವುದೇ ಈಗ ಟ್ಯಾಕ್ಸಿಯವರ ದೊಡ್ಡ ಸಂಪಾದನೆ. ಮಾಂಟೆನೆಗ್ರೊ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲ, ಆದರೂ ಯೂರೊವನ್ನೇ ತನ್ನ ನಾಣ್ಯ ಮಾಡಿಕೊಂಡಿದೆ. ಹಾಗಾಗಿ ಚಿಲ್ಲರೆ ಬದಲಾಯಿಸುವ ರಗಳೆ ಇಲ್ಲ.

ಊರಿನ ಉತ್ತರ ಬಾಗಿಲಿನ ಮುಂದೆ ಶ್ಕುರ್ದ ಎಂಬ ಹೊಳೆ ಹರಿಯುತ್ತದೆ. ತಿಳಿ ಹಸಿರು ನೀರು, ಬೇಸಿಗೆಯಲ್ಲೂ ತಣ್ಣಗೆ. ಬೆಟ್ಟದ ಮೇಲೆ ಬಿದ್ದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಬುಡದಲ್ಲಿ ಹೀಗೆ ಉಕ್ಕುತ್ತದೆ. ಕೊಲ್ಲಿಯ ಮೇಲಿನ ಓರ್ಯೆನ್ ಬೆಟ್ಟದಲ್ಲಿರುವ ತ್ಸ್ರ್ಕ್‌ವಿತ್ಸೆ ಎಂಬ ಹಳ್ಳಿಯನ್ನು ಯುರೋಪಿನ ಆಗುಂಬೆ ಎನ್ನಬಹುದು. ಅಲ್ಲಿ ವರ್ಷಕ್ಕೆ ಸರಾಸರಿ 4,500 ಮಿಲಿಮೀಟರಿಗೂ ಹೆಚ್ಚು ಮಳೆ. ಬಹುಪಾಲು ಚಳಿಗಾಲದಲ್ಲೇ ಸುರಿಯುವುದರಿಂದ ಬೇಸಿಗೆಯ ಕ್ರೂಸ್ ಪ್ರಯಾಣಿಕರಿಗೆ ಇದರ ಸುಳಿವೇ ಹತ್ತುವುದಿಲ್ಲ.

ಇನ್ನು ಬೆಕ್ಕುಗಳು. ಕಿಟಕಿಯ ಚೌಕಟ್ಟು, ಬಾವಿಕಟ್ಟೆ, ಹೋಟೆಲಿನ ಕುರ್ಚಿ ಎಲ್ಲ ಅವುಗಳದೇ. ಹಡಗಿನ ಇಲಿ ಹಿಡಿಯಲು ಸಾಕಿದ್ದ ಬೆಕ್ಕುಗಳು ಇಳಿದು ಇಲ್ಲೇ ನಿಂತವೆಂದು ಊರಿನವರು ಹೇಳುತ್ತಾರೆ. ಅವುಗಳ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯವೂ ಇದೆ. ಅಂಗಡಿಗಳಲ್ಲಿ ಬೆಕ್ಕಿನ ಚಿತ್ರವಿಲ್ಲದ ಕಪ್ಪು, ಚೀಲ ಹುಡುಕುವುದು ಕಷ್ಟ.

ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಓಣಿಗಳಲ್ಲಿ ಜನ ಒಬ್ಬರ ಹಿಂದೊಬ್ಬರು ಸರತಿಯಲ್ಲಿ ನಡೆಯುತ್ತಾರೆ. ಗೈಡುಗಳು ನಂಬರಿನ ಹಲಗೆ ಎತ್ತಿ ಹಿಡಿದು ಮುಂದೆ. ಹಡಗಿನಲ್ಲಿ ಮೂರು ಹೊತ್ತಿನ ಊಟಕ್ಕೆ ಮೊದಲೇ ಹಣ ಕಟ್ಟಿರುವವರು ಊರಿನಲ್ಲಿ ಒಂದು ಕಾಫಿ, ಒಂದು ಐಸ್‌ಕ್ರೀಮ್, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಕೊಂಡು ಹೊರಟರೆ ಊರಿಗೆ ಬಂದದ್ದೆಷ್ಟು ಎಂಬ ಪ್ರಶ್ನೆ ಇದ್ದೇ ಇದೆ. ಬಂದರಿಗೆ ಶುಲ್ಕ ಬರುತ್ತದೆ. ಟ್ಯಾಕ್ಸಿ, ದೋಣಿ, ಗೈಡುಗಳಿಗೆ ದುಡಿಮೆ ಸಿಗುತ್ತದೆ. ಅದೇ ಹೊತ್ತಿಗೆ ಹಳೆಯ ಮನೆಗಳು ಪ್ರವಾಸಿಗಳ ಬಾಡಿಗೆ ಕೋಣೆಗಳಾಗಿ, ದಿನಸಿ ಅಂಗಡಿಗಳು ಸ್ಮರಣಿಕೆಯ ಅಂಗಡಿಗಳಾಗಿ ಬದಲಾಗುತ್ತವೆ. ಕೊಲ್ಲಿಗೆ ದೊಡ್ಡ ಹಡಗುಗಳಿಂದ ಆಗುವ ಪರಿಣಾಮದ ಬಗ್ಗೆ ಯುನೆಸ್ಕೊ ಸಮಿತಿಯೂ ಕಳವಳ ಹೇಳಿದೆ.

ನೆರೆಹೊರೆಯ ಊರುಗಳು ಒಂದೊಂದು ದಾರಿ ಹಿಡಿದಿವೆ. ವೆನಿಸ್ ನಗರದ ನಡುವಿನ ಕಾಲುವೆಗೆ ದೊಡ್ಡ ಹಡಗು ಬರುವುದನ್ನು 2021ರ ಆಗಸ್ಟಿನಿಂದ ನಿಷೇಧಿಸಿದರು. ಕೋಟೊರಿನಿಂದ ರಸ್ತೆಯಲ್ಲಿ ಎರಡು-ಮೂರು ಗಂಟೆ ದೂರದ, ಕ್ರೊಯೇಷಿಯದ ಡುಬ್ರೊವ್ನಿಕ್, ಒಮ್ಮೆಗೆ ಎರಡೇ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಎಂಬ ಮಿತಿ ಹಾಕಿಕೊಂಡಿತು. ಗ್ರೀಸ್ ದೇಶ 2025ರ ಬೇಸಿಗೆಯಿಂದ ಸ್ಯಾಂಟೊರಿನಿ, ಮಿಕೊನೊಸ್ ದ್ವೀಪಗಳಲ್ಲಿ ಇಳಿಯುವ ಪ್ರತಿ ಕ್ರೂಸ್ ಪ್ರಯಾಣಿಕನಿಂದ 20 ಯೂರೊವರೆಗೆ ವಸೂಲಿ ಶುರುಮಾಡಿತು.

ಪ್ರಯಾಣಿಕರ ಜೊತೆಗೆ ಇಳಿಯುವ ಇನ್ನೊಂದು ಗುಂಪು ಯಾರ ಕಣ್ಣಿಗೂ ಬೀಳುವುದಿಲ್ಲ: ಹಡಗಿನ ಕೆಲಸಗಾರರು. ಇವರಲ್ಲಿ ಫಿಲಿಪೀನ್ಸ್, ಇಂಡೊನೇಷ್ಯದವರ ಜೊತೆಗೆ ಗೋವಾ, ಮುಂಬಯಿ, ನಮ್ಮ ಮಂಗಳೂರು-ಉಡುಪಿ ಕಡೆಯ ಹುಡುಗರೂ ಇರುತ್ತಾರೆ. ಅಡುಗೆಮನೆ, ಕ್ಯಾಬಿನ್ ಸ್ವಚ್ಛತೆ, ಭೋಜನಶಾಲೆ ಅವರ ಪಾಳಿ. ಎರಡು ಪಾಳಿಗಳ ನಡುವೆ ಸಿಗುವ ಎರಡು-ಮೂರು ಗಂಟೆಯಲ್ಲಿ ಅವರು ಚರ್ಚೂ ನೋಡುವುದಿಲ್ಲ, ಗೋಡೆಯನ್ನೂ ಹತ್ತುವುದಿಲ್ಲ. ಧಕ್ಕೆಗೆ ಹತ್ತಿರದ, ಒಳ್ಳೆಯ ವೈಫೈ ಇರುವ ಕೆಫೆ ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಒಂದು ಕಾಫಿ ತರಿಸಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮನೆಯವರ ಜೊತೆ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿ ಮುಗಿಸುವಷ್ಟರಲ್ಲಿ ಮತ್ತೆ ಡ್ಯೂಟಿ.

ಕರ್ನಾಟಕದಿಂದ ಕ್ರೂಸಿಗೆ ಹೊರಡುವವರಿಗೆ ಒಂದು ಕಿವಿಮಾತು. ಕ್ರೊಯೇಷಿಯ 2023ರ ಜನವರಿಯಿಂದ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಶೆಂಗೆನ್ ವಲಯದೊಳಗಿದೆ, ಮಾಂಟೆನೆಗ್ರೊ ಹೊರಗಿದೆ. ಇಟಲಿಯಿಂದ ಹೊರಟು ಕೋಟೊರ್ ನೋಡಿ ಮತ್ತೆ ಗ್ರೀಸ್ ಅಥವಾ ಕ್ರೊಯೇಷಿಯಕ್ಕೆ ಹೋಗುವ ಹಡಗಾದರೆ ವಲಯ ಬಿಟ್ಟು ಮರಳಿ ಪ್ರವೇಶಿಸಿದ ಲೆಕ್ಕ. ಆದ್ದರಿಂದ ವೀಸಾ ಮಾಡಿಸುವಾಗಲೇ ಹಲವು ಸಲ ಪ್ರವೇಶಿಸಲು ಅನುಮತಿ ಇರುವುದನ್ನು ಕೇಳಿ ಪಡೆಯಬೇಕು. ಊರಿನಲ್ಲಿ ಹೊತ್ತು ಹಂಚಿಕೊಳ್ಳುವುದೂ ಮುಖ್ಯ. ಹಡಗಿನಿಂದ ಮೊದಲು ಇಳಿದವರಲ್ಲಿ ಒಬ್ಬರಾಗಿ ಬಿಸಿಲೇರುವ ಮುನ್ನ ಗೋಡೆ ಹತ್ತುವುದು, ಜನಜಂಗುಳಿಯ ನಡುಹಗಲಿನಲ್ಲಿ ದೋಣಿ ಹಿಡಿದು ಪೆರಾಸ್ಟಿಗೆ ಹೋಗುವುದು, ಗುಂಪುಗಳು ಹಡಗಿಗೆ ಮರಳತೊಡಗಿದ ಮೇಲೆ ಕೊನೆಯ ಒಂದು ಗಂಟೆ ಓಣಿಗಳಿಗೆ ಇಟ್ಟುಕೊಳ್ಳುವುದು: ಹೀಗೆ ಮಾಡಿದರೆ ಮೂರೂ ದಕ್ಕುತ್ತವೆ. ಹಡಗು ಬಿಡುವುದಕ್ಕೆ ಅರ್ಧ ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕೆಂಬುದು ನಿಯಮ. ಸ್ವಂತವಾಗಿ ಸುತ್ತಲು ಹೋಗಿ ತಡಮಾಡಿದವರಿಗಾಗಿ ಹಡಗು ಕಾಯುವುದಿಲ್ಲ.

ಊರಿನವರ ಸ್ವಂತ ಹಬ್ಬ ಮಾತ್ರ ಯಾವ ಕ್ರೂಸ್ ಪ್ರಯಾಣಿಕನಿಗೂ ಸುಲಭವಾಗಿ ಸಿಗುವುದಿಲ್ಲ. ಅದು ಫೆಬ್ರವರಿ 3, ಸಂತ ಟ್ರಿಫನ್ನನ ದಿನ. ಬೋಕಾ ನೌಕಾಪಡೆ ಎಂದು ಕರೆಯುವ, 1463ರ ನಿಯಮಾವಳಿ ಇರುವ ನಾವಿಕರ ಸಂಘದವರು ಹಳೆಯ ಕಾಲದ ಕಪ್ಪು ಉಡುಪು ತೊಟ್ಟು, ಕೆಥೆಡ್ರಲ್ಲಿನ ಮುಂದೆ ಕೈಕೈ ಹಿಡಿದು ಹನ್ನೆರಡು ಬಗೆಯ ಸುತ್ತುಗಳ ಕುಣಿತ ಕುಣಿಯುತ್ತಾರೆ. ಈ ಪರಂಪರೆಗೆ 2021ರಲ್ಲಿ ಯುನೆಸ್ಕೊ ಮನ್ನಣೆಯೂ ಸಿಕ್ಕಿತು. ಆ ತಿಂಗಳು ಹಡಗುಗಳು ಬರುವುದೇ ಅಪರೂಪ. ನೋಡಬೇಕೆನ್ನುವವರು ವಿಮಾನದಲ್ಲಿ ಟಿವಾಟ್‌ಗೆ ಬಂದಿಳಿಯಬಹುದು. ಅಲ್ಲಿಂದ ಕೋಟೊರ್ ಹತ್ತು ಕಿಲೋಮೀಟರಿಗೂ ಒಳಗೆ. ಕೋಣೆಗಳ ಬಾಡಿಗೆ ಬೇಸಿಗೆಯಷ್ಟು ಇರುವುದಿಲ್ಲ, ಹೋಟೆಲುಗಳಲ್ಲಿ ಮೇಜು ಕೇಳಿದ ಕಡೆ ಸಿಗುತ್ತದೆ, ಓಣಿಯಲ್ಲಿ ಎದುರಾಗುವವರು ಆ ಊರಿನವರೇ ಆಗಿರುತ್ತಾರೆ. ಕೊಡೆ ಮಾತ್ರ ಮರೆಯಬಾರದು.